ವೇಗದ ಕಾರಿನ ಪೀಠ ಪುರಾಣ

1972ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಮೋಟಾರು ಪ್ರದರ್ಶನ ನಡೆದಾಗ ಜರ್ಮನಿಯ ಪೋರ್ಷೆ ಕಂಪನಿ ಅಲ್ಲಿ ಒಂದು ಹೊಸ ಕಾರನ್ನು ತಂದು ನಿಲ್ಲಿಸಿತು. ಹೆಸರು 911 ಕರೇರಾ ಆರ್‌ಎಸ್ 2.7. ಬೆಲೆ 34,000 ಮಾರ್ಕ್. ಕಾರು ಬೇಕೆಂದವರು ಆರ್ಡರು ಕೊಡುವಾಗ ಎರಡು ಸಂಕೇತಗಳ ನಡುವೆ ಆಯ್ಕೆ ಮಾಡಬೇಕಿತ್ತು. ಒಂದು ಎಂ 472. ಇದಕ್ಕೆ ಇನ್ನೂ 2,500 ಮಾರ್ಕ್ ಕೊಟ್ಟರೆ ಕಂಪನಿಯ ಮಾಮೂಲಿ 911 ಎಸ್ ಕಾರಿನಲ್ಲಿ ಇರುವಂಥ ಮೆತ್ತನೆಯ ಸೀಟು, ನೆಲಹಾಸು, ಬಾಗಿಲಿನ ಒಳಮೈಗೆ ಹೊದಿಕೆ ಎಲ್ಲವೂ ಬರುತ್ತಿತ್ತು. ಇನ್ನೊಂದು ಎಂ 471. ಇದಕ್ಕೆ 700 ಮಾರ್ಕ್ ಹೆಚ್ಚುವರಿ. ಈ ಹಣ ತೆತ್ತವರಿಗೆ ಸಿಗುತ್ತಿದ್ದುದು ಏನು? ಗಡಿಯಾರ ಇರುತ್ತಿರಲಿಲ್ಲ. ಹಿಂದಿನ ಸೀಟು ಇರುತ್ತಿರಲಿಲ್ಲ. ಪಕ್ಕದಲ್ಲಿ ಕೂರುವವರಿಗೆ ಬಿಸಿಲು ತಡೆಯುವ ಫಲಕ ಇರುತ್ತಿರಲಿಲ್ಲ. ಬಾಗಿಲು ತೆರೆಯಲು ಹಿಡಿಕೆಯ ಬದಲು ಒಂದು ಪಟ್ಟಿ. ಮುಂದೆ ಕೂರಲು ತೆಳ್ಳನೆಯ, ಹಗುರವಾದ, ಚಿಪ್ಪಿನಂಥ ಎರಡು ಸೀಟು.

ಹೆಚ್ಚು ಹಣ ಕೊಟ್ಟು ಕಡಿಮೆ ಸಾಮಾನು ಕೊಳ್ಳುವುದೆಂದರೆ ಸಂತೆಗೆ ಹೋಗಿ ಬಂದವರಾರೂ ಒಪ್ಪುವ ವ್ಯವಹಾರವಲ್ಲ. ಆದರೂ ಕೊಂಡವರಿದ್ದರು. ಓಟದ ಸ್ಪರ್ಧೆಗೆ ಅರ್ಹತೆ ಪಡೆಯಲು 500 ಕಾರುಗಳನ್ನು ಮಾಡಿದರೆ ಸಾಕಿತ್ತು. ಅಷ್ಟು ಕಾರು ಮಾರಾಟವಾದೀತೇ ಎಂಬ ಅನುಮಾನ ಕಂಪನಿಯ ಮಾರಾಟದವರಿಗೇ ಇತ್ತು. ನವೆಂಬರ್ ಮುಗಿಯುವುದರೊಳಗೆ ಐನೂರೂ ಖಾಲಿಯಾದವು. ಕೊನೆಗೆ 1,580 ಕಾರುಗಳು ತಯಾರಾದವು. ಅವುಗಳಲ್ಲಿ 1,308 ಮಂದಿ ಎಂ 472 ಎಂದು ಬರೆಸಿ ಮೆತ್ತನೆಯ ಸೀಟು ತೆಗೆದುಕೊಂಡರು. ತೆಳು ಸೀಟಿನ ಎಂ 471 ತೆಗೆದುಕೊಂಡವರು 200 ಮಂದಿ ಮಾತ್ರ. ಉಳಿದವು ಅಪ್ಪಟ ಓಟದ ಕಾರುಗಳು ಮತ್ತು ಅರ್ಹತೆ ತೋರಿಸಲು ಮಾಡಿದ ಮೊದಲ ಕೆಲವು.

ಎರಡೂ ಬಗೆಯಲ್ಲಿ ಎಂಜಿನ್ ಒಂದೇ: ಹಿಂಬದಿಯ ಆರು ಸಿಲಿಂಡರಿನ, 2,687 ಸಿ.ಸಿ.ಯ, 210 ಅಶ್ವಶಕ್ತಿಯ ಯಂತ್ರ. ಹಿಂದಿನ ಮುಚ್ಚಳದ ಮೇಲೆ ಬಾತುಕೋಳಿಯ ಬಾಲದಂತೆ ಎದ್ದ ರೆಕ್ಕೆಯೂ ಒಂದೇ. ಆದರೆ ತೂಕ ಒಂದರದು 960 ಕಿಲೋ, ಇನ್ನೊಂದರದು 1,075 ಕಿಲೋ. ನಿಂತಲ್ಲಿಂದ ನೂರು ಕಿ.ಮೀ. ವೇಗ ಮುಟ್ಟಲು ಹಗುರದ್ದಕ್ಕೆ 5.8 ಸೆಕೆಂಡು, ಭಾರದ್ದಕ್ಕೆ 6.3. ಇದು ಅಂಕಿಗಳ ಮಾತಾಯಿತು. ಎರಡನ್ನೂ ಓಡಿಸಿದವರು ಹೇಳುವ ವ್ಯತ್ಯಾಸ ಅರ್ಧ ಸೆಕೆಂಡಿನದಲ್ಲ. ಒಂದು ಕಾರು ರಸ್ತೆಯ ವಿಷಯವನ್ನು ಹೇಳುತ್ತದೆ, ಇನ್ನೊಂದು ಅದನ್ನೇ ಸ್ವಲ್ಪ ಮೆತ್ತಗೆ ಮಾಡಿ ಹೇಳುತ್ತದೆ ಎನ್ನುತ್ತಾರೆ ಅವರು. ಹೇಳುವುದು ಯಾರಿಗೆ, ಯಾವ ದಾರಿಯಿಂದ ಎಂಬುದೇ ಈ ಬರಹದ ವಿಷಯ.

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಹಿಡಿದು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ವೇಗದ ಕಾರಿಗೆ ಹಲ್ಲೂ ಇಲ್ಲ, ಸುಳಿಯೂ ಇಲ್ಲ. ಅದರ ಗುಣ ತಿಳಿಯಬೇಕಾದರೆ ಕುಳಿತೇ ತಿಳಿಯಬೇಕು. ಕಣ್ಣು ಕಾಣುವುದು ಆದ ಮೇಲೆ ಆಗಿದ್ದನ್ನು. ಕೈಗೆ ಸ್ಟಿಯರಿಂಗ್ ಚಕ್ರದ ಮೂಲಕ ಮುಂದಿನ ಎರಡು ಗಾಲಿಗಳ ಸುದ್ದಿ ಬರುತ್ತದೆ. ಹಿಂದಿನ ಎರಡು ಗಾಲಿಗಳ ಸುದ್ದಿ ಬರುವುದು ಮಾತ್ರ ಸೊಂಟ, ತೊಡೆ, ಬೆನ್ನುಗಳ ಮೂಲಕ. ಅಂದರೆ ಸೀಟಿನ ಮೂಲಕ. ಓಟಗಾರರು ಇದನ್ನು ಮರ್ಯಾದೆಯ ಮಾತಿನಲ್ಲಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ಬೆನ್ನು ಎಂದೇ ಇಟ್ಟುಕೊಳ್ಳೋಣ.

ಮೊದಮೊದಲಿಗೆ ಇದು ಯಾರಿಗೂ ಹೊಳೆದಿರಲಿಲ್ಲ. 1899ರ ಏಪ್ರಿಲ್ 29ರಂದು ಬೆಲ್ಜಿಯಂನ ಕಮೀಲ್ ಜೆನಾತ್ಸಿ ಪ್ಯಾರಿಸ್ ಬಳಿಯ ಅಶೇರ್‌ನಲ್ಲಿ ತನ್ನ ವಿದ್ಯುತ್ ಕಾರನ್ನು ಗಂಟೆಗೆ 105.88 ಕಿ.ಮೀ. ವೇಗದಲ್ಲಿ ಓಡಿಸಿದ. ನೂರು ಕಿ.ಮೀ. ದಾಟಿದ ಮೊದಲ ಮೋಟಾರು ವಾಹನ ಅದು. ಗಾಳಿಯನ್ನು ಸೀಳಲೆಂದು ವಾಹನದ ಮೈಯನ್ನು ಗುಂಡಿನ ಆಕಾರಕ್ಕೆ ರೂಪಿಸಿದ್ದರು. ಆದರೆ ಚಾಲಕನನ್ನು ಅದರೊಳಗೆ ಕೂರಿಸಬೇಕೆಂದು ತೋಚಲಿಲ್ಲ. ಆತ ಪೀಪಾಯಿಯ ಮೇಲೆ ಕೂತವನಂತೆ ಎದೆಯವರೆಗೂ ಹೊರಗೇ ಇದ್ದ. ಕೆಂಪು ಗಡ್ಡ ಗಾಳಿಗೆ ಹಾರುತ್ತಿತ್ತು. ಗಾಳಿಗೆ ಅಷ್ಟು ಎದೆಯೊಡ್ಡಿ ಕುಳಿತ ಮೇಲೆ ಗುಂಡಿನ ಆಕಾರದಿಂದ ಏನು ಪ್ರಯೋಜನವೋ! ಕುದುರೆ ಗಾಡಿಯ ಪೀಠವೇ ಮೋಟಾರಿಗೂ ಬಂದಿತ್ತು. ಸಾರಥಿ ಎಂದರೆ ಎತ್ತರದಲ್ಲಿ ಕೂರುವವನು, ಅಷ್ಟೆ.

ಮುಂದೆ ಬಂದ ಬೆಂಚು ಸೀಟು ನಮಗೆಲ್ಲ ಪರಿಚಯವೇ. ಹಳೆಯ ಅಂಬಾಸಿಡರ್ ಕಾರಿನ ಮುಂದಿನ ಸೀಟಿನಲ್ಲಿ ಮೂವರು ಕುಳಿತು ಘಾಟಿ ಇಳಿದವರಿಗೆ ಅದರ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಬಲಕ್ಕೆ ತಿರುವು ಬಂದರೆ ಎಲ್ಲರೂ ಎಡಕ್ಕೆ, ಎಡಕ್ಕೆ ಬಂದರೆ ಎಲ್ಲರೂ ಚಾಲಕನ ಮೇಲೆ. ಚಾಲಕನಿಗಾದರೂ ಹಿಡಿದುಕೊಳ್ಳಲು ಸ್ಟಿಯರಿಂಗ್ ಇತ್ತು. ಸಮಸ್ಯೆ ಇರುವುದು ಅಲ್ಲೇ. ತಿರುಗಿಸಲೆಂದು ಇರುವ ಚಕ್ರವನ್ನು ಬೀಳದಂತೆ ಹಿಡಿದುಕೊಳ್ಳಲು ಬಳಸಿದರೆ ಅದು ಹೇಳುವ ಸುದ್ದಿ ಕೈಗೆ ಕೇಳುವುದಿಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಒಳ್ಳೆಯ ಟೈರುಗಳಿರುವ ವೇಗದ ಕಾರು ತಿರುವಿನಲ್ಲಿ ತನ್ನ ತೂಕದ ಮುಕ್ಕಾಲು ಭಾಗಕ್ಕೂ ಹೆಚ್ಚಿನ ಬಲವನ್ನು ಅಡ್ಡಕ್ಕೆ ತಾಳಬಲ್ಲದು. ಒಳಗೆ ಕುಳಿತ ಎಪ್ಪತ್ತು ಕಿಲೋದ ಮನುಷ್ಯನಿಗೂ ಅದೇ ಪ್ರಮಾಣ. ಎಂದರೆ ಐವತ್ತು ಕಿಲೋದ ಒಂದು ಸಿಮೆಂಟು ಮೂಟೆಯನ್ನು ಯಾರೋ ಪಕ್ಕದಿಂದ ಅವನ ಮೇಲೆ ಒರಗಿಸಿದ ಹಾಗೆ. ಅದನ್ನು ಯಾವುದಾದರೂ ಒಂದು ತಡೆಯಬೇಕು. ಸೀಟಿನ ಅಂಚುಗಳು ತಡೆದರೆ ಕೈಕಾಲು ಬಿಡುವಾಗಿರುತ್ತವೆ. ಇಲ್ಲದಿದ್ದರೆ ಎಡ ಮೊಣಕಾಲು ಗೇರಿನ ದಿಬ್ಬಕ್ಕೆ, ಬಲ ಮೊಣಕಾಲು ಬಾಗಿಲಿಗೆ, ಕೈ ಚಕ್ರಕ್ಕೆ. ಇಂಥ ಸ್ಥಿತಿಯಲ್ಲಿ ಕುಳಿತವನು ಕಾರಿನ ಗುಣದೋಷ ಹೇಳಿದರೆ ಅದು ಕಾರಿನದಲ್ಲ, ಅವನ ಮೊಣಕಾಲಿನದು.

ಸೀಟು ಹೇಗಿದೆ ಎಂಬಷ್ಟೇ ಮುಖ್ಯವಾದದ್ದು ಅದು ಕಾರಿನ ಯಾವ ಭಾಗದಲ್ಲಿದೆ ಎಂಬುದು. ಇದನ್ನು ಜಗತ್ತಿಗೆ ಕಲಿಸಿದ್ದು 1930ರ ದಶಕದ ಜರ್ಮನ್ ಓಟದ ಕಾರುಗಳು. ಆಗ ಮರ್ಸಿಡಿಸ್ ಕಾರುಗಳಲ್ಲಿ ಎಂಜಿನ್ ಮುಂದೆ, ಚಾಲಕ ಬಹಳ ಹಿಂದೆ, ಹೆಚ್ಚುಕಡಿಮೆ ಹಿಂದಿನ ಗಾಲಿಗಳ ಹತ್ತಿರ. ಪ್ರತಿಸ್ಪರ್ಧಿ ಆಟೋ ಯೂನಿಯನ್ ಕಂಪನಿಗೆ ಫರ್ಡಿನಾಂಡ್ ಪೋರ್ಷೆ ರೂಪಿಸಿಕೊಟ್ಟ ಕಾರಿನಲ್ಲಿ ಎಲ್ಲವೂ ತಿರುಗುಮುರುಗು. ಹದಿನಾರು ಸಿಲಿಂಡರಿನ ಭಾರಿ ಎಂಜಿನ್ ಹಿಂದೆ, ಅದರ ಮುಂದೆ ಪೆಟ್ರೋಲ್ ಟ್ಯಾಂಕು, ಟ್ಯಾಂಕಿನ ಮುಂದೆ ಚಾಲಕ. ಆತ ಕಾರಿನ ಮೂತಿಯಲ್ಲೇ ಕುಳಿತಂತಿತ್ತು.

ಬಸ್ಸಿನಲ್ಲಿ ಓಡಾಡುವವರಿಗೆ ಇದರ ಪರಿಣಾಮ ಬೇಗ ಅರ್ಥವಾಗುತ್ತದೆ. ಕಟ್ಟಕಡೆಯ ಸಾಲಿನಲ್ಲಿ ಕುಳಿತವರಿಗೆ ಬಸ್ಸಿನ ಹಿಂಭಾಗದ ಪ್ರತಿಯೊಂದು ಎಸೆತವೂ ಎಲುಬಿಗೆ ತಿಳಿಯುತ್ತದೆ. ಮುಂದೆ ಚಾಲಕನ ಪಕ್ಕ ಕುಳಿತವರು ಅದೇ ರಸ್ತೆಯಲ್ಲಿ ನಿದ್ದೆ ಮಾಡುತ್ತಾರೆ. ಆಟೋ ಯೂನಿಯನ್ ಚಾಲಕನ ಪಾಡೂ ಇದೇ. ಹಿಂಭಾಗ ಜಾರಿ ಹೊರಕ್ಕೆ ಬೀಸತೊಡಗಿದರೂ ಮುಂದೆ ಕುಳಿತ ಅವನ ಬೆನ್ನಿಗೆ ಸುದ್ದಿ ತಲುಪುವುದು ತಡ. ತಲುಪುವ ಹೊತ್ತಿಗೆ ಸರಿಪಡಿಸುವ ಕಾಲ ಮೀರಿರುತ್ತಿತ್ತು. ಮರ್ಸಿಡಿಸ್ ಚಾಲಕನಿಗಾದರೆ ಹಿಂದಿನ ಗಾಲಿ ಒಂದು ಗೇಣು ಜಾರಿದರೂ ಅವನೇ ಪಕ್ಕಕ್ಕೆ ಸರಿದಂತಾಗಿ ಆ ಕ್ಷಣವೇ ತಿಳಿಯುತ್ತಿತ್ತು.

ಅನುಭವಸ್ಥರಾದ ಹಲವು ಓಟಗಾರರು ಆಟೋ ಯೂನಿಯನ್ ಮುಂದೆ ಸೋತರು. ಅದನ್ನು ಪಳಗಿಸಿದ್ದು ಮೋಟಾರ್ ಸೈಕಲ್ ಓಟದಿಂದ ಬಂದ ಬೆರ್ನ್ಟ್ ರೋಸ್‌ಮೈಯರ್. ಆತ 1936ರಲ್ಲಿ ಯೂರೋಪಿನ ಚಾಂಪಿಯನ್ ಆದ. ಬೇರೆ ಕಾರುಗಳ ಅಭ್ಯಾಸವೇ ಇಲ್ಲದಿದ್ದುದರಿಂದ ಮರೆಯಬೇಕಾದದ್ದು ಅವನಿಗೆ ಏನೂ ಇರಲಿಲ್ಲ ಎಂದು ಅಂದಿನಿಂದಲೂ ವಿವರಿಸುತ್ತ ಬಂದಿದ್ದಾರೆ. 1938ರ ಜನವರಿ 28ರಂದು ಫ್ರಾಂಕ್‌ಫರ್ಟ್ ಮತ್ತು ಡಾರ್ಮ್‌ಸ್ಟಾಟ್ ನಡುವಣ ಹೆದ್ದಾರಿಯಲ್ಲಿ ವೇಗದ ದಾಖಲೆಗೆ ಹೊರಟಾಗ ಆತ ಸತ್ತ. ಆ ವರ್ಷದ ಹೊಸ ಕಾರಿನಲ್ಲಿ ಟ್ಯಾಂಕನ್ನು ಎರಡು ಪಕ್ಕಗಳಿಗೆ ಹಂಚಿ ಚಾಲಕನ ಸೀಟನ್ನು ಹಿಂದಕ್ಕೆ ತಂದರು, ಹಿಂದಿನ ಅಚ್ಚಿನ ಜೋಡಣೆಯನ್ನೂ ಬದಲಾಯಿಸಿದರು. ಮೋಟಾರ್ ಸೈಕಲ್ಲಿನಿಂದಲೇ ಬಂದಿದ್ದ ಇಟಲಿಯ ತಾತ್ಸಿಯೋ ನುವೊಲಾರಿ ಅದರಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್ ಓಟ ಗೆದ್ದ.

ಇದೇ ಪೋರ್ಷೆ ಮನೆತನದ ಹೆಸರಿನ 911 ಕಾರಿನಲ್ಲೂ ಎಂಜಿನ್ ಇರುವುದು ಹಿಂದೆ; ಹಿಂದಿನ ಅಚ್ಚಿಗಿಂತಲೂ ಆಚೆಗೆ. ಕಾರು ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡದ್ದು 1963ರಲ್ಲಿ, 901 ಎಂಬ ಹೆಸರಿನಲ್ಲಿ. ನಡುವೆ ಸೊನ್ನೆ ಬರುವ ಮೂರಂಕಿಯ ಹೆಸರು ತಮ್ಮ ಸ್ವತ್ತೆಂದು ಫ್ರಾನ್ಸಿನ ಪ್ಯೂಜೊ ಕಂಪನಿ ತಕರಾರು ತೆಗೆದದ್ದರಿಂದ ಮರುವರ್ಷ 911 ಆಯಿತು. ಹೆಸರು ಬದಲಾಯಿಸಿದಷ್ಟು ಸುಲಭವಾಗಿ ಗುಣ ಬದಲಾಗಲಿಲ್ಲ. ಚೇತಕ್ ಸ್ಕೂಟರಿನ ಎಂಜಿನ್ ಬಲಪಕ್ಕದಲ್ಲಿರುವುದರಿಂದ ಅದು ಬಲಕ್ಕೆ ಎಳೆಯುತ್ತದೆಂದು ಅದನ್ನು ಓಡಿಸಿದವರೆಲ್ಲ ಬಲ್ಲರು. 911ರ ಭಾರ ಹಿಂದಕ್ಕಿತ್ತು. ತಿರುವಿನಲ್ಲಿ ವೇಗ ಹೆಚ್ಚಾಯಿತೆಂದು ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ಸರಿದು ಹಿಂದಿನ ಗಾಲಿಗಳು ಹಿಡಿತ ಬಿಡುತ್ತಿದ್ದವು. ಕಾರಿನ ಹಿಂಭಾಗ ಗಡಿಯಾರದ ಲೋಲಕದಂತೆ ಬೀಸಿ ಮುಂದೆ ಬರುತ್ತಿತ್ತು. ಹೆದರಿದಾಗ ಕಾಲು ತೆಗೆಯುವುದು ಮನುಷ್ಯ ಸ್ವಭಾವ. ಈ ಕಾರಿನಲ್ಲಿ ಅದೇ ಅಪಾಯ.

ಕಂಪನಿಯವರು ಮಾಡಿದ ಮೊದಲ ಚಿಕಿತ್ಸೆ ಹಳ್ಳಿಯ ಕಮ್ಮಾರನೂ ಮೆಚ್ಚುವಂಥದು. ಮುಂದಿನ ಬಂಪರಿನ ಎರಡೂ ತುದಿಗಳಲ್ಲಿ ತಲಾ ಹನ್ನೊಂದು ಕಿಲೋದ ಎರಕದ ಕಬ್ಬಿಣವನ್ನು ಇಟ್ಟು ಮೂತಿಯನ್ನು ಭಾರ ಮಾಡಿದರು. 1968ರಲ್ಲಿ ಬಂದ ನಿಜವಾದ ಪರಿಹಾರ ಎಂದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಂತರವನ್ನು 2,211 ಮಿ.ಮೀ.ನಿಂದ 2,268 ಮಿ.ಮೀ.ಗೆ ಏರಿಸಿದ್ದು. ಐವತ್ತೇಳು ಮಿ.ಮೀ. ಎಂದರೆ ನಾಲ್ಕು ಬೆರಳಿನ ಅಗಲ ಸಹ ಇಲ್ಲ. ಅಷ್ಟರಿಂದಲೇ ಕಾರು ಹೆಚ್ಚು ಸೌಮ್ಯವಾಯಿತು. ಆದರೂ ಹಿಂಭಾಗದ ಬಗ್ಗೆ ಎಚ್ಚರ ತಪ್ಪುವಂತಿರಲಿಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ ಇದರ ಟರ್ಬೊ ಅವತಾರದಲ್ಲಿ ಕಾಲಿಟ್ಟ ಸ್ವಲ್ಪ ಹೊತ್ತಿನ ಮೇಲೆ ಶಕ್ತಿ ಒಮ್ಮೆಲೇ ನುಗ್ಗುತ್ತಿದ್ದುದರಿಂದ ಅದಕ್ಕೆ ಹೆಂಡತಿಯರನ್ನು ವಿಧವೆಯರನ್ನಾಗಿಸುವ ಕಾರು ಎಂಬ ಅಡ್ಡಹೆಸರೇ ಬಿತ್ತು. ಬೆನ್ನಿಗೆ ಬರುವ ಸುದ್ದಿ ಅರ್ಧ ಕ್ಷಣ ಮೊದಲು ಬರುವುದೋ ಆಮೇಲೆ ಬರುವುದೋ ಎಂಬುದು ಇಂಥ ಕಾರಿನಲ್ಲಿ ಶೋಕಿಯ ಪ್ರಶ್ನೆಯಲ್ಲ.

911ರ ಒಂದು ಪುಣ್ಯವೆಂದರೆ ಚಾಲಕ ಕೂರುವ ಜಾಗ. ಆಟೋ ಯೂನಿಯನ್ನಿನಂತೆ ಮೂತಿಯಲ್ಲಲ್ಲ. ಮುಂದಿನ ಹಿಂದಿನ ಗಾಲಿಗಳ ಹೆಚ್ಚುಕಡಿಮೆ ನಡುವೆ. ಹಿಂಭಾಗ ಸರಿಯತೊಡಗಿದರೆ ಬೆನ್ನಿಗೆ ತಿಳಿಯುತ್ತದೆ, ಸೀಟು ಅದನ್ನು ತಿಳಿಸುವಂತಿದ್ದರೆ. ಮೆತ್ತನೆಯ ದಪ್ಪ ಸ್ಪಂಜಿನಲ್ಲಿ ಹೂತು ಕುಳಿತವನಿಗೆ ಮೊದಲು ಸ್ಪಂಜು ಒಂದು ಪಕ್ಕಕ್ಕೆ ಅದುಮಿಕೊಳ್ಳಬೇಕು, ಆಮೇಲೆ ಮೈಗೆ ಒತ್ತಡ ತಟ್ಟಬೇಕು. ತೆಳು ಸೀಟಿನಲ್ಲಿ ಈ ಮಧ್ಯವರ್ತಿ ಇಲ್ಲ. ಆ 200 ಮಂದಿ 700 ಮಾರ್ಕ್ ತೆತ್ತು ಕೊಂಡದ್ದು ಇದನ್ನು.

ಇಂಥ ಸೀಟುಗಳ ಕಥೆಯೂ ಪೋರ್ಷೆಯ ನೆರೆಯಲ್ಲೇ ಶುರುವಾಗುತ್ತದೆ. 1906ರಲ್ಲಿ ವಿಲ್‌ಹೆಲ್ಮ್ ರಾಯ್ಟರ್ ಎಂಬಾತ ಸ್ಟುಟ್‌ಗಾರ್ಟ್‌ನಲ್ಲಿ ಗಾಡಿಗಳ ಮೈಕಟ್ಟು ಮಾಡುವ ಕಾರ್ಖಾನೆ ತೆರೆದಿದ್ದ. ಎರಡನೇ ಮಹಾಯುದ್ಧದ ತರುವಾಯ ಪೋರ್ಷೆಯ ಮೊದಲ ಕಾರಾದ 356ಕ್ಕೆ ಮೈಕಟ್ಟು ಮಾಡಿಕೊಟ್ಟದ್ದು ಈ ಕಾರ್ಖಾನೆಯೇ. 911 ಬರುವ ಹೊತ್ತಿಗೆ, 1963ರಲ್ಲಿ, ಪೋರ್ಷೆ ಆ ಕೆಲಸವನ್ನೆಲ್ಲ ತಾನೇ ಕೊಂಡುಕೊಂಡಿತು. ರಾಯ್ಟರ್ ಮನೆಯವರ ಕೈಯಲ್ಲಿ ಉಳಿದದ್ದು ಸೀಟಿನ ಕೆಲಸ ಮಾತ್ರ. ಅವರು ರಾಯ್ಟರ್ ಕರೋಸೆರಿ ಎಂಬ ಹಳೆಯ ಹೆಸರಿನ ಎರಡು ಪದಗಳಿಂದ ಮೊದಲಕ್ಷರಗಳನ್ನು ತೆಗೆದು ಕೂಡಿಸಿ ರೆಕಾರೊ ಎಂಬ ಹೊಸ ಹೆಸರು ಮಾಡಿದರು. 1965ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅವರು ತಂದಿಟ್ಟ ಕ್ರೀಡಾ ಸೀಟಿನಲ್ಲಿ ತೊಡೆಗೂ ಪಕ್ಕೆಗೂ ಎದ್ದ ಅಂಚುಗಳಿದ್ದವು. ಹಳೆಯ ಸೀಟನ್ನು ಕಿತ್ತು ಅದೇ ಜಾಗದಲ್ಲಿ ಇದನ್ನು ಕೂರಿಸಿಕೊಳ್ಳಬಹುದಿತ್ತು. ಮೈಕಟ್ಟಿನ ಕೆಲಸ ಕಳೆದುಕೊಂಡವರು ಸೀಟಿನಿಂದ ಜಗತ್ಪ್ರಸಿದ್ಧರಾದರು. ಇದೇ ಹೆಸರಿನ ಇನ್ನೊಂದು ಕಂಪನಿ ವಿಮಾನಗಳಿಗೆ ಸೀಟು ಮಾಡುತ್ತದೆ. ಪರದೇಶಕ್ಕೆ ಹೋಗಿಬಂದ ಓದುಗರಲ್ಲಿ ಕೆಲವರಾದರೂ ತಿಳಿಯದೆ ಅದರಲ್ಲಿ ಕುಳಿತಿರಬಹುದು.

ಸೀಟು ಸರಿಯಾಗಿದ್ದರೂ ಗುಣ ನೋಡುವವನಿಗೆ ನೋಡುವ ಕ್ರಮ ಬೇಕು. ಈ ವಿದ್ಯೆಗೆ ಭಾಷೆ ಕೊಟ್ಟವರಲ್ಲಿ ಡೆನಿಸ್ ಜೆಂಕಿನ್ಸನ್ ಎಂಬ ಗಡ್ಡದ ಕುಳ್ಳ ಇಂಗ್ಲಿಷ್ ಪತ್ರಕರ್ತನನ್ನು ಮರೆಯುವಂತಿಲ್ಲ. ಆತನ ಖ್ಯಾತಿ ಬಂದದ್ದು ಓಡಿಸಿದ್ದರಿಂದಲ್ಲ, ಪಕ್ಕದಲ್ಲಿ ಕುಳಿತದ್ದರಿಂದ. 1955ರಲ್ಲಿ ಇಟಲಿಯ ಸಾವಿರ ಮೈಲಿಯ ಓಟ ಮಿಲ್ಲೆ ಮಿಲ್ಯಾದಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸಿದ ಮರ್ಸಿಡಿಸ್ 300 ಎಸ್‌ಎಲ್‌ಆರ್ ಕಾರಿನ ಎರಡನೇ ಸೀಟಿನಲ್ಲಿ ಇದ್ದವನು ಈತ. ದಾರಿಯ ತಿರುವುಗಳನ್ನೆಲ್ಲ ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದು, ಅದನ್ನು ಪಾರದರ್ಶಕ ಕಿಂಡಿಯಿದ್ದ ಅಲ್ಯುಮಿನಿಯಂ ಪೆಟ್ಟಿಗೆಯೊಳಗೆ ಸುತ್ತುತ್ತ, ಕೈಸನ್ನೆಯಿಂದ ಮಾಸ್‌ಗೆ ಮುಂದಿನ ತಿರುವು ತಿಳಿಸುತ್ತಿದ್ದ. ಹತ್ತು ಗಂಟೆ ಏಳು ನಿಮಿಷ 48 ಸೆಕೆಂಡುಗಳಲ್ಲಿ, ಗಂಟೆಗೆ ಸರಾಸರಿ 157 ಕಿ.ಮೀ.ಗೂ ಮೀರಿದ ವೇಗದಲ್ಲಿ ಅವರು ಗೆದ್ದರು. ನಡುವೆ ಗೇರುಪೆಟ್ಟಿಗೆಯ ಕಾವಿಗೂ ತಿರುವುಗಳ ಎಳೆತಕ್ಕೂ ಹೊಟ್ಟೆ ತೊಳಸಿ ಜೆಂಕಿನ್ಸನ್ ಕಾರಿನ ಹೊರಕ್ಕೆ ಬಾಗಿದಾಗ ಕನ್ನಡಕ ಗಾಳಿಗೆ ಹಾರಿಹೋಯಿತು. ಪುಣ್ಯಕ್ಕೆ ಜೇಬಿನಲ್ಲಿ ಇನ್ನೊಂದು ಇತ್ತು. ಪಕ್ಕದ ಸೀಟಿನ ಬಗ್ಗೆ ಕಾರು ಮಾಡುವವರು ಕೊಡುವ ಗಮನ ಅಂದಿಗೂ ಇಂದಿಗೂ ಅಷ್ಟಕ್ಕಷ್ಟೆ.

ಈ ಜೆಂಕಿನ್ಸನ್ ತನ್ನ 1958ರ ಪುಸ್ತಕದಲ್ಲಿ ಚಾಲನೆಯನ್ನು ಹತ್ತು ಭಾಗಗಳಾಗಿ ಅಳೆಯುವ ಪದ್ಧತಿಯನ್ನು ಹೇಳಿದ. ಒಬ್ಬನ ಸಾಮರ್ಥ್ಯ ಪೂರ್ಣ ಖರ್ಚಾದರೆ ಹತ್ತಕ್ಕೆ ಹತ್ತು. ಊರಿನ ಬೀದಿಯಲ್ಲಿ ನೆಮ್ಮದಿಯಾಗಿ ಹೋಗುವಾಗ ಅದರಲ್ಲಿ ಒಂದೋ ಎರಡೋ ಪಾಲು ಮಾತ್ರ. ಕಾರುಗಳನ್ನು ತೂಗಲೂ ಈ ಅಳತೆ ಬಹಳ ಅನುಕೂಲ. ಹತ್ತರಲ್ಲಿ ನಾಲ್ಕು ಪಾಲು ದುಡಿಸಿದರೆ ಎಲ್ಲ ದುಬಾರಿ ಕಾರುಗಳೂ ಒಳ್ಳೆಯವೇ, ಅತ್ತೆ ಮನೆಗೆ ಹೊಸದಾಗಿ ಬಂದ ಅಳಿಯನ ಹಾಗೆ. ಏಳು ಎಂಟಕ್ಕೆ ಏರಿದಾಗ ನಿಜಗುಣ ಹೊರಬೀಳುತ್ತದೆ. ಕೆಲವು ಕಾರುಗಳು ಮುಂಚೆಯೇ ಎಚ್ಚರಿಕೆ ಕೊಡುತ್ತವೆ: ಸ್ಟಿಯರಿಂಗ್ ಹಗುರವಾಗುತ್ತದೆ, ಬೆನ್ನಿನ ಕೆಳಗೆ ಏನೋ ನಿಧಾನವಾಗಿ ಸರಿದಂತಾಗುತ್ತದೆ, ಟೈರು ಗುನುಗುತ್ತದೆ. ಇನ್ನು ಕೆಲವು ಒಂಬತ್ತರವರೆಗೂ ತುಟಿ ಬಿಚ್ಚದೆ ಕುಳಿತು ಒಮ್ಮೆಲೇ ಕೈಕೊಡುತ್ತವೆ. ಮೊದಲನೆಯದು ನಿಧಾನದ ಕಾರಾಗಿದ್ದರೂ ಒಳ್ಳೆಯ ಕಾರು ಎಂದು ನನ್ನ ಅಭಿಪ್ರಾಯ.

ಬೆಲ್ಜಿಯಂನ ಪಾಲ್ ಫ್ರೇರ್ ಈ ಕಸುಬಿನ ಇನ್ನೊಬ್ಬ ಹಿರಿಯ. ಎಂಜಿನಿಯರ್, ಪತ್ರಕರ್ತ, ಜೊತೆಗೆ 1960ರ ಲ ಮಾನ್ 24 ಗಂಟೆಗಳ ಓಟ ಗೆದ್ದ ಇಬ್ಬರಲ್ಲಿ ಒಬ್ಬ. ಅಂಕಿ ಅಂಶ ಬಲ್ಲವನೂ ತಿರುವಿನಲ್ಲಿ ಕಾಲು ಎತ್ತದವನೂ ಒಬ್ಬನೇ ಆದದ್ದು ಅಪರೂಪ. 911ರ ಇತಿಹಾಸವನ್ನು ಪುಸ್ತಕವಾಗಿ ಬರೆದವನೂ ಅವನೇ. ಇಂಥವರು ಕಾರನ್ನು ನೋಡುತ್ತಿದ್ದ ರೀತಿಯಲ್ಲಿ ಗುಟ್ಟೇನೂ ಇಲ್ಲ. ಮೊದಲು ನಿಧಾನ. ಗುರುತಿರುವ ಒಂದೇ ತಿರುವನ್ನು ಮತ್ತೆ ಮತ್ತೆ, ಪ್ರತಿ ಸಲ ಸ್ವಲ್ಪ ಹೆಚ್ಚು ವೇಗದಲ್ಲಿ. ನಂತರ ಅದೇ ತಿರುವಿನಲ್ಲಿ ಬೇಕೆಂದೇ ಕಾಲು ಎತ್ತಿ ಹಿಂಭಾಗ ಏನು ಮಾಡುತ್ತದೆಂದು ನೋಡುವುದು, ಅದೂ ಸುತ್ತ ಬಯಲಿರುವ ಓಟದ ಅಂಗಳದಲ್ಲಿ. ಸಾರ್ವಜನಿಕ ರಸ್ತೆಯಲ್ಲಿ ಈ ಪರೀಕ್ಷೆಗೆ ಇಳಿಯುವವನ ಗುಣವನ್ನು ಮೊದಲು ಪರೀಕ್ಷಿಸಬೇಕಾಗುತ್ತದೆ.

ಒಂದೇ ಅಳತೆಯ ಸೀಟು ಎಲ್ಲ ಮೈಗೂ ಹೊಂದುವುದಿಲ್ಲವೆಂಬುದು ದರ್ಜಿಗಳಿಗೆ ಮೊದಲಿನಿಂದ ಗೊತ್ತಿದ್ದರೂ ಕಾರಿನವರಿಗೆ ಗೊತ್ತಾದದ್ದು ತಡವಾಗಿ. 1987ರಲ್ಲಿ ಫೆರಾರಿ ಕಂಪನಿ ತನ್ನ ನಲವತ್ತನೇ ವರ್ಷದ ನೆನಪಿಗೆ ಎಫ್40 ಹೊರತಂದಾಗ ಅದರಲ್ಲಿ ನೆಲಹಾಸಿರಲಿಲ್ಲ, ಬಾಗಿಲು ತೆರೆಯಲು ಒಂದು ದಾರ ಎಳೆಯಬೇಕಿತ್ತು. ಆದರೆ ಸೀಟಿನ ಚಿಪ್ಪು ಮಾತ್ರ ಚಪ್ಪಲಿಯಂತೆ ಮೂರು ಅಳತೆಗಳಲ್ಲಿ ಸಿಗುತ್ತಿತ್ತು. ಇದರ ಮಾಲೀಕರಾಗುವಷ್ಟು ಹಣ ಕೂಡುವ ವಯಸ್ಸಿಗೆ ಸೊಂಟದ ಸುತ್ತಳತೆಯೂ ಕೂಡಿರುತ್ತದೆ ಎಂಬುದನ್ನು ಫೆರಾರಿಯವರು ಬಲ್ಲವರಾಗಿದ್ದರು.

1992ರಲ್ಲಿ ಬಂದ ಮೆಕ್‌ಲಾರೆನ್ ಎಫ್1 ಕಾರಿನಲ್ಲಿ ದಕ್ಷಿಣ ಆಫ್ರಿಕದ ದರ್ಬಾನ್‌ನಲ್ಲಿ ಹುಟ್ಟಿದ ಗಾರ್ಡನ್ ಮರ್ರಿ ಇನ್ನೂ ಮುಂದೆ ಹೋದ. ಚಾಲಕನನ್ನು ಎಡಕ್ಕೂ ಅಲ್ಲದೆ ಬಲಕ್ಕೂ ಅಲ್ಲದೆ ನಟ್ಟನಡುವೆ ಕೂರಿಸಿದ. ಜೊತೆಯ ಇಬ್ಬರು ಎರಡು ಪಕ್ಕಗಳಲ್ಲಿ, ಸ್ವಲ್ಪ ಹಿಂದೆ. ಪಕ್ಕದಲ್ಲಿ ಕೂರುವ ಚಾಲಕನ ಕಾಲಿಗೆ ಮುಂದಿನ ಗಾಲಿಯ ಗೂಡು ಅಡ್ಡ ಬರುವುದರಿಂದ ಪೆಡಲುಗಳನ್ನು ಓರೆಯಾಗಿ ಇಡಬೇಕಾಗುತ್ತದೆ. ಸೊಂಟ ಒಂದು ಕಡೆ, ಪಾದ ಇನ್ನೊಂದು ಕಡೆ. ನಡುವೆ ಕುಳಿತರೆ ಈ ಬಾಧೆಯಿಲ್ಲ, ಎರಡೂ ಕಡೆಯ ತಿರುವು ಒಂದೇ ರೀತಿ ಕಾಣುತ್ತದೆ. ಕೊಂಡವರ ಮೈಯಳತೆಗೆ ತಕ್ಕಂತೆ ಸೀಟು, ಪೆಡಲು, ಸ್ಟಿಯರಿಂಗ್ ಹೊಂದಿಸಿ ಕೊಡುತ್ತಿದ್ದರು. ಒಟ್ಟು 106 ಕಾರುಗಳಾದವು. 1998ರಲ್ಲಿ ಅವುಗಳಲ್ಲೊಂದು ಗಂಟೆಗೆ 386 ಕಿ.ಮೀ. ವೇಗ ಮುಟ್ಟಿತು. ಮಧ್ಯದ ಸೀಟಿಗೆ ಹತ್ತುವುದು ಮಾತ್ರ ಬೇಲಿ ದಾಟಿದಂತೆ.

2013ರ ಫೆರಾರಿ ಲಾಫೆರಾರಿಯಲ್ಲಿ ಸೀಟು ಅಲುಗುವುದೇ ಇಲ್ಲ. ಅದು ಕಾರಿನ ಇಂಗಾಲ ನಾರಿನ ಮೈಗೆ ಸೇರಿಹೋಗಿದೆ. ಸ್ಟಿಯರಿಂಗನ್ನೂ ಪೆಡಲುಗಳನ್ನೂ ಚಾಲಕನ ಹತ್ತಿರಕ್ಕೆ ತಂದುಕೊಳ್ಳಬೇಕು. ಹೀಗೆ ಮಾಡಿದರೆ ಚಾಲಕ ತಗ್ಗಿನಲ್ಲಿ ಕೂರಬಹುದು, ಸೂರು ಇಳಿಯುತ್ತದೆ, ಗಾಳಿಯ ತಡೆ ತಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರೇ ಕೂರಲಿ, ಭಾರದ ಜಾಗ ಹೆಚ್ಚು ಬದಲಾಗುವುದಿಲ್ಲ.

ಕೋಟಿ ರೂಪಾಯಿಯ ಈ ಮಾತುಗಳಿಂದ ಸಾಮಾನ್ಯ ಓದುಗನಿಗೇನು ಎಂದು ಕೇಳಬಹುದು. ಸೀಟು ಆರಿಸುವ ವಿವೇಕ ಕಾರಿನ ಬೆಲೆಯನ್ನು ಅವಲಂಬಿಸಿಲ್ಲ. ಅಂಗಡಿಯಲ್ಲಿ ಎರಡು ನಿಮಿಷ ಕುಳಿತಾಗ ಮೆತ್ತನೆಯದೇ ಹಿತ. ಎರಡು ಗಂಟೆ ಕುಳಿತರೆ ಗಟ್ಟಿಯಾಗಿ ಆಧಾರ ಕೊಡುವುದೇ ಹಿತ. ಸೊಂಟದ ಹಿಂದೆ ಟೊಳ್ಳು ಉಳಿಯಬಾರದು. ತೊಡೆಯ ಅಡಿ ಮಂಡಿಯ ಸಮೀಪದವರೆಗೆ ಆಸರೆ ಬೇಕು. ಭುಜ ಹಿಂದಕ್ಕೆ ತಾಗಿರುವಂತೆಯೇ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲಂಚಿಗೆ ಮುಟ್ಟಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಮೂಲ ಸೀಟು ತೆಗೆದು ಓಟದ ಸೀಟು ಹಾಕಿಸಿಕೊಳ್ಳುವವರು ಮಾತ್ರ ಎರಡು ಸಲ ಯೋಚಿಸಬೇಕು. ಈಚಿನ ಕಾರುಗಳಲ್ಲಿ ಪಕ್ಕೆಯನ್ನು ಕಾಪಾಡುವ ಗಾಳಿಚೀಲ ಅನೇಕ ವೇಳೆ ಸೀಟಿನೊಳಗೇ ಇರುತ್ತದೆ. ಸೀಟು ಹೋದರೆ ಅದೂ ಹೋಯಿತು. ಓಟದವರ ಹಾಗೆ ಎರಡೂ ಹೆಗಲಿನ ಮೇಲೆ ಪಟ್ಟಿ ಬಿಗಿದು, ಕಾರಿನಲ್ಲಿ ಉಕ್ಕಿನ ಪಂಜರ ಇಲ್ಲದೆ ಹೊರಟರೆ, ಕಾರು ಮಗುಚಿ ಸೂರು ಕುಸಿದಾಗ ಮೈ ಬಾಗಿಸಲೂ ಎಡೆಯಿರುವುದಿಲ್ಲ. 1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಮಾಮೂಲಿ ಬೆಲ್ಟೇ ರಸ್ತೆಗೆ ಸರಿ. ಶೂರತನದ ವೇಷಕ್ಕಾಗಿ ಅದನ್ನು ಬಿಡುವುದು ಹುಂಬತನ.

ಪೋರ್ಷೆ ಕಂಪನಿ 1972ರ ಆ ಎರಡು ಸಂಕೇತಗಳ ಆಟವನ್ನು ಮರೆತಿರಲಿಲ್ಲ. 1999ರಲ್ಲಿ 911 ಜಿಟಿ3 ಬಂದಾಗ ಕೊಳ್ಳುವವರ ಮುಂದೆ ಮತ್ತೆ ಅದೇ ಪ್ರಶ್ನೆ: ಮಾಮೂಲಿ ಸೀಟೋ, ಅಥವಾ ಕ್ಲಬ್‌ಸ್ಪೋರ್ಟ್ ಎಂಬ ಹೆಸರಿನಲ್ಲಿ ಬೆಂಕಿ ತಡೆಯುವ ಬಟ್ಟೆಯ ಚಿಪ್ಪು ಸೀಟು, ಉಕ್ಕಿನ ಪಂಜರ, ಬೆಂಕಿ ಆರಿಸುವ ಸಾಧನವೋ? ಈ ಸಲ ಪಂಜರವೂ ಸೀಟಿನ ಜೊತೆಗೇ ಇದ್ದುದು ಒಳ್ಳೆಯದಾಯಿತು.

ಇನ್ನು ಆ ಹಳೆಯ 1,580 ಕಾರುಗಳ ಗತಿ. ಐದರಲ್ಲಿ ನಾಲ್ವರಿಗೂ ಹೆಚ್ಚು ಮಂದಿ ಅಂದು ಮೆತ್ತನೆಯ ಸೀಟನ್ನು ಆರಿಸಿದ್ದರು. ಅವರನ್ನು ತಪ್ಪೆನ್ನುವಂತಿಲ್ಲ, ಹೆಂಡತಿಯನ್ನು ಕರೆದುಕೊಂಡು ಆಲ್ಪ್ಸ್ ದಾಟಿ ಇಟಲಿಗೆ ಹೋಗಿಬರುವವನಿಗೆ ಗಡಿಯಾರವೂ ಬೇಕು, ನೆಲಹಾಸೂ ಬೇಕು. ಆದರೆ ಕಾಲ ಅವರ ಆಯ್ಕೆಯನ್ನು ಎತ್ತಿಹಿಡಿಯಲಿಲ್ಲ. ಇಂದು ಸಂಗ್ರಾಹಕರು ಮುಗಿಬೀಳುವುದು ತೆಳು ಸೀಟಿನ ಆ 200 ಕಾರುಗಳಿಗೆ. ಹರಾಜಿನಲ್ಲಿ ಅವು ಹತ್ತು ಲಕ್ಷ ಡಾಲರಿಗೂ ಹೆಚ್ಚು ತಂದ ನಿದರ್ಶನಗಳಿವೆ. ಬೆಲೆ ಏರಿದಂತೆ ನಕಲಿಯೂ ಏರಿತು. ಮಾಮೂಲಿ 911ಕ್ಕೆ ಬಾತುಕೋಳಿ ಬಾಲ ಕಟ್ಟಿ, ಬಾಗಿಲಿಗೆ ಪಟ್ಟಿ ಹಾಕಿ, ಹೊಸದಾಗಿ ಮಾಡಿದ ತೆಳು ಸೀಟು ಕೂರಿಸಿ ಆರ್‌ಎಸ್ ಎಂದು ತೋರಿಸುವುದು ಕಷ್ಟವಲ್ಲ. ಆದ್ದರಿಂದ ಪರೀಕ್ಷಿಸುವ ತಜ್ಞರು ಈಗ ಕಾರನ್ನು ಓಡಿಸಿ ನೋಡುವ ಮೊದಲು ಚಾಸಿಯ ಸಂಖ್ಯೆಯನ್ನು ಕಂಪನಿಯ ದಾಖಲೆಯ ಜೊತೆ ತಾಳೆ ನೋಡುತ್ತಾರೆ, ತಗಡಿನ ದಪ್ಪ ಅಳೆಯುತ್ತಾರೆ. ಕಾರು ಅಸಲಿ ಎಂದು ಗೊತ್ತಾದ ಮೇಲೆ ಅಂಥವುಗಳಲ್ಲಿ ಎಷ್ಟೋ ಕಾರುಗಳು ತಾಪ, ತೇವ ಹದವಾಗಿರುವ ಕೋಣೆಗಳಲ್ಲಿ ನಿಲ್ಲುತ್ತವೆ. ಆ ಸೀಟುಗಳ ಮೇಲೆ ಆಮೇಲೆ ಹೆಚ್ಚು ಜನ ಕೂರುವುದಿಲ್ಲ.